ಚುನಾವಣಾ ವೀಕ್ಷಕರಾಗಿ ವಿದೇಶಕ್ಕೆ: ಯಾವ ದಾರಿ ಯಾರಿಗೆ?

ಬೇರೆ ದೇಶದ ಚುನಾವಣೆಗೆ ವೀಕ್ಷಕರಾಗಿ ಹೋಗಬೇಕು ಅಂದುಕೊಂಡವರು ಮೊದಲು ಕೇಳುವುದು ‘ಯಾವ ಸಂಸ್ಥೆ ಒಳ್ಳೆಯದು?’ ಎಂದು. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ಗೊತ್ತಾಗಬೇಕಾದ್ದು ನಿಮ್ಮ ಹೆಸರನ್ನು ಅಲ್ಲಿಗೆ ಕಳಿಸುವವರು ಯಾರು ಎನ್ನುವುದು. ದೊಡ್ಡ ಮಿಷನ್‌ಗಳಲ್ಲಿ ಆಯ್ಕೆಯ ಮುಖ್ಯ ಭಾಗ ಆ ಸಂಸ್ಥೆಯ ಕಚೇರಿಯಲ್ಲಿ ನಡೆಯುವುದೇ ಇಲ್ಲ. ಅರ್ಜಿ ಹಾಕಿದವರ ದೇಶದ ವಿದೇಶಾಂಗ ಇಲಾಖೆಯಲ್ಲೋ, ಆ ಇಲಾಖೆ ಗೊತ್ತುಮಾಡಿದ ಏಜೆನ್ಸಿಯಲ್ಲೋ ಮೊದಲೇ ನಡೆದಿರುತ್ತದೆ.

ದಾರಿಗಳು ಒಟ್ಟು ಮೂರು. ಒಂದು, ಸರ್ಕಾರ ನಿಮ್ಮ ಹೆಸರು ಕಳಿಸುವುದು. ಇನ್ನೊಂದು, ಸಂಸ್ಥೆಯೇ ನಿಮ್ಮನ್ನು ಕರೆಯುವುದು. ಮತ್ತೊಂದು, ನೀವೇ ನೇರವಾಗಿ ಅರ್ಜಿ ಹಾಕುವುದು. ಹೆಚ್ಚಿನವರಿಗೆ ಇದರಲ್ಲಿ ಒಂದೋ ಎರಡೋ ಮಾತ್ರ ತೆರೆದಿರುತ್ತವೆ. ಯಾವುದು ತೆರೆದಿದೆ ಎಂದು ಹೇಳುವುದು ನಿಮ್ಮ ಪಾಸ್‌ಪೋರ್ಟ್.

ಸರ್ಕಾರ ಕಳಿಸುವ ದಾರಿ

ಜಾಸ್ತಿ ಸೀಟು ಇರುವುದು ಇಲ್ಲಿ. ಯುರೋಪ್ ಭದ್ರತೆ ಮತ್ತು ಸಹಕಾರ ಸಂಸ್ಥೆ, ಅಂದರೆ ಒಎಸ್‌ಸಿಇಯಲ್ಲಿ 57 ಸದಸ್ಯ ದೇಶಗಳಿವೆ. ಯುರೋಪ್, ಮಧ್ಯ ಏಷ್ಯಾ, ಉತ್ತರ ಅಮೆರಿಕದ ದೇಶಗಳು. ದಕ್ಷಿಣ ಏಷ್ಯಾದ ಒಂದು ದೇಶವೂ ಆ ಪಟ್ಟಿಯಲ್ಲಿಲ್ಲ. ಈ ದೇಶಗಳು 1990ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಪ್ಪಿಕೊಂಡ ದಾಖಲೆಯ ಪ್ರಕಾರ, ಒಬ್ಬರ ಚುನಾವಣೆಗೆ ಇನ್ನೊಬ್ಬರ ವೀಕ್ಷಕರನ್ನು ಬರಮಾಡಿಕೊಳ್ಳಬೇಕು. ಇದರ ಕೆಲಸವನ್ನೆಲ್ಲ ನೋಡಿಕೊಳ್ಳುವುದು ವಾರ್ಸಾದಲ್ಲಿರುವ ಒಡಿಐಎಚ್‌ಆರ್ ಎಂಬ ಕಚೇರಿ.

ಒಡಿಐಎಚ್‌ಆರ್ ಮಿಷನ್‌ನಲ್ಲಿ ಮೂರು ಥರದ ಜನ ಇರುತ್ತಾರೆ. ರಾಜಧಾನಿಯಲ್ಲಿ ಕೂರುವ ತಜ್ಞರ ಕೋರ್ ಟೀಮ್, ವಾರಗಟ್ಟಲೆ ಜಿಲ್ಲೆಗಳಲ್ಲಿ ಇರುವ ದೀರ್ಘಾವಧಿ ವೀಕ್ಷಕರು, ಮತದಾನದ ಆಸುಪಾಸಿನಲ್ಲಿ ಬಂದು ಹೋಗುವ ಅಲ್ಪಾವಧಿ ವೀಕ್ಷಕರು. ಕ್ಷೇತ್ರದಲ್ಲಿ ದೀರ್ಘಾವಧಿಯವರಿಗೆ ಎಲ್‌ಟಿಒ, ಅಲ್ಪಾವಧಿಯವರಿಗೆ ಎಸ್‌ಟಿಒ ಎಂದೇ ಹೆಸರು. ಕೋರ್ ಟೀಮ್‌ಗೆ ಕಾನೂನು, ಮಾಧ್ಯಮ, ಅಂಕಿಅಂಶದಂಥ ವಿಷಯಗಳ ಪರಿಣತರು ನೇರವಾಗಿ ಅರ್ಜಿ ಹಾಕುತ್ತಾರೆ, ಅದಕ್ಕೆ ಸಂಭಾವನೆ ಇದೆ. ಎಲ್‌ಟಿಒ, ಎಸ್‌ಟಿಒಗಳನ್ನು ಮಾತ್ರ ಸದಸ್ಯ ದೇಶಗಳು ತಮ್ಮ ಖರ್ಚಿನಲ್ಲಿ ಕಳಿಸುತ್ತವೆ. ಹಾಗಾಗಿ ವಾರ್ಸಾಗೆ ಎಷ್ಟು ಇಮೇಲ್ ಬರೆದರೂ ಪ್ರಯೋಜನವಿಲ್ಲ. ಜರ್ಮನಿಯವರಾದರೆ ಬರ್ಲಿನ್‌ನ ಝಿಫ್, ಸ್ವೀಡನ್‌ನವರಾದರೆ ಫೋಲ್ಕೆ ಬರ್ನಾಡೊಟ್ ಅಕಾಡೆಮಿ, ನಾರ್ವೆಯವರಾದರೆ ನೋರ್ಡೆಮ್, ಹೀಗೆ ತಮ್ಮ ದೇಶದ ಏಜೆನ್ಸಿಯ ಹೆಸರುಪಟ್ಟಿಯಲ್ಲಿ ಮೊದಲು ಸೇರಬೇಕು. ಏಜೆನ್ಸಿ ಇಲ್ಲದ ದೇಶದಲ್ಲಿ ವಿದೇಶಾಂಗ ಇಲಾಖೆಯೇ ಪಟ್ಟಿ ಇಟ್ಟುಕೊಂಡಿರುತ್ತದೆ.

ಹೀಗೆ ಮಾಡಿದರೆ ಹಣವಿರುವ ದೇಶಗಳ ಜನವೇ ತುಂಬಿಕೊಳ್ಳುತ್ತಾರೆ, ಅಲ್ವಾ? ಅದಕ್ಕೇ 2001ರಲ್ಲಿ ಒಂದು ನಿಧಿ ಶುರುವಾಯಿತು. ವೀಕ್ಷಕರನ್ನು ಕಳಿಸಲು ಹಣವಿಲ್ಲದ ಸದಸ್ಯ ದೇಶಗಳ ಜನರ ಖರ್ಚನ್ನು ಅದು ಕೊಡುತ್ತದೆ. ಒಂದೇ ದೇಶದವರು ಒಟ್ಟು ವೀಕ್ಷಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಇರಬಾರದು ಎನ್ನುವುದು ರೂಢಿಯಲ್ಲಿರುವ ಮಿತಿ. ಅಂದರೆ ವೀಕ್ಷಕರನ್ನು ಧಾರಾಳವಾಗಿ ಕಳಿಸುವ ದೇಶದಲ್ಲಿ ಒಳಗಿನ ಪೈಪೋಟಿಯೇ ಜೋರು. ವಿರಳವಾಗಿ ಕಳಿಸುವ ದೇಶದವರಿಗೆ ಈ ನಿಧಿಯ ದಾರಿ ಎಷ್ಟೋ ಸಲ ಸುಲಭ.

ಇಲ್ಲಿ ಎಲ್ಲರಿಗೂ ತಿಳಿಯದ ಒಂದು ಉಪಾಯವಿದೆ. ಪ್ರತಿ ಚುನಾವಣೆಗೆ ಕೆಲವು ತಿಂಗಳು ಮೊದಲು ಒಡಿಐಎಚ್‌ಆರ್‌ನ ಚಿಕ್ಕ ತಂಡ ಆ ದೇಶಕ್ಕೆ ಹೋಗಿ ಬರುತ್ತದೆ. ಎಂಥ ಮಿಷನ್ ಬೇಕು, ಎಷ್ಟು ಎಲ್‌ಟಿಒ, ಎಷ್ಟು ಎಸ್‌ಟಿಒ ಬೇಕು ಎಂದು ವರದಿ ಬರೆಯುತ್ತದೆ. ಆ ವರದಿ ಎಲ್ಲರಿಗೂ ಸಿಗುತ್ತದೆ. ಅದನ್ನು ಓದಿದರೆ ಅವಕಾಶ ಎಷ್ಟಿದೆ ಎಂದು ಮೊದಲೇ ಗೊತ್ತಾಗುತ್ತದೆ. 2014ರ ಉಕ್ರೇನ್ ಅಧ್ಯಕ್ಷೀಯ ಚುನಾವಣೆಗೆ 100 ಎಲ್‌ಟಿಒ, 900 ಎಸ್‌ಟಿಒ ಬೇಕೆಂದು ಕೇಳಿದ್ದರು. ಹೊಸಬರಿಗೆ ಅಂಥ ಮಿಷನ್‌ನಲ್ಲಿ ಸೀಟು ಸಿಗುವ ಸಾಧ್ಯತೆ ಜಾಸ್ತಿ. ವರದಿಯಲ್ಲಿ ‘ಸೀಮಿತ ಮಿಷನ್’ ಎಂದಿದ್ದರೆ ಎಸ್‌ಟಿಒಗಳೇ ಇರುವುದಿಲ್ಲ. ‘ತಜ್ಞರ ತಂಡ’ ಎಂದಿದ್ದರೆ ಎಲ್‌ಟಿಒಗಳೂ ಇಲ್ಲ.

ಆದರೂ ಸಂಖ್ಯೆ ನೋಡಿ ರಜೆ ಹಾಕಿಬಿಡಬೇಡಿ. 2020ರ ಅಮೆರಿಕ ಚುನಾವಣೆಗೆ 100 ಎಲ್‌ಟಿಒ, 400 ಎಸ್‌ಟಿಒ ಬೇಕೆಂದಿದ್ದರು. ಕೋವಿಡ್‌ನಿಂದಾಗಿ ಕೊನೆಗೆ ಅದು 30 ಎಲ್‌ಟಿಒಗಳ ಸೀಮಿತ ಮಿಷನ್ ಆಯಿತು. 2021ರ ರಷ್ಯಾ ಸಂಸತ್ ಚುನಾವಣೆಗೆ 80 ಮತ್ತು 420 ಎಂದು ಕೇಳಿದ್ದರು. ರಷ್ಯಾ ಸಂಖ್ಯೆಗೆ ಕಡಿವಾಣ ಹಾಕಿತು, ಒಡಿಐಎಚ್‌ಆರ್ ಹೋಗುವುದನ್ನೇ ಕೈಬಿಟ್ಟಿತು.

ಯುರೋಪಿಯನ್ ಒಕ್ಕೂಟದ ಮಿಷನ್‌ಗಳೂ ಹೊರನೋಟಕ್ಕೆ ಇದೇ ರೀತಿ. ಸದಸ್ಯ ದೇಶ ಹೆಸರು ಸೂಚಿಸುತ್ತದೆ, ಬ್ರಸೆಲ್ಸ್ ಕೊನೆಯ ಆಯ್ಕೆ ಮಾಡುತ್ತದೆ. ಆದರೆ ಎರಡರ ನಡುವೆ ವ್ಯತ್ಯಾಸಗಳಿವೆ, ಅವು ಚಿಕ್ಕವಲ್ಲ. ಒಕ್ಕೂಟ ಸಾಮಾನ್ಯವಾಗಿ ಒಎಸ್‌ಸಿಇ ಪ್ರದೇಶಕ್ಕೆ ಹೋಗುವುದಿಲ್ಲ. ಅದು ಹೆಚ್ಚಾಗಿ ಹೋಗುವುದು ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾದ ಕಡೆ. ಹಾಗಾಗಿ ಭಾಷೆಯ ಲೆಕ್ಕಾಚಾರವೇ ಬೇರೆ. ಪಶ್ಚಿಮ ಆಫ್ರಿಕಾಕ್ಕೆ ಫ್ರೆಂಚ್ ಬೇಕು, ಮೊಜಾಂಬಿಕ್‌ಗೆ ಪೋರ್ಚುಗೀಸ್, ಲ್ಯಾಟಿನ್ ಅಮೆರಿಕದ ಬಹುಪಾಲು ದೇಶಗಳಿಗೆ ಸ್ಪ್ಯಾನಿಷ್. ಬರೀ ಇಂಗ್ಲಿಷ್ ಇದ್ದವರಿಗೆ ಅರ್ಧ ಭೂಪಟ ಮುಚ್ಚಿದ ಹಾಗೆಯೇ. ಒಡಿಐಎಚ್‌ಆರ್‌ನಲ್ಲಿ ಇಂಗ್ಲಿಷ್ ಸಾಕು, ಆದರೆ ಎಲ್‌ಟಿಒ ಆಗುವವರಿಗೆ ರಷ್ಯನ್ ಬಂದರೆ ತುಂಬಾ ಅನುಕೂಲ. ಇನ್ನು, ಒಕ್ಕೂಟದ ಮಿಷನ್‌ಗಳಲ್ಲಿ ಸೀಟು ಸಾಮಾನ್ಯವಾಗಿ ಕಡಿಮೆ. ಅಲ್ಲಿ ಮುಖ್ಯ ವೀಕ್ಷಕರಾಗಿ ಯುರೋಪಿಯನ್ ಸಂಸತ್ತಿನ ಸದಸ್ಯರೊಬ್ಬರು ಇರುತ್ತಾರೆ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಡಿಐಎಚ್‌ಆರ್‌ನ ದೊಡ್ಡ ಮಿಷನ್. ಒಕ್ಕೂಟಕ್ಕೆ ಎರಡನೇ ಹೆಜ್ಜೆಯಾಗಿ ಹೋಗಬಹುದು.

ಕರೆದರೆ ಮಾತ್ರ

ಕಾಮನ್‌ವೆಲ್ತ್‌ನಲ್ಲಿ 56 ದೇಶಗಳಿವೆ, ಆದರೆ ಅದರ ವೀಕ್ಷಕರ ತಂಡಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ಮಾಜಿ ಮಂತ್ರಿಗಳು, ಚುನಾವಣಾ ಆಯುಕ್ತರು, ನ್ಯಾಯಾಧೀಶರು, ಹಿರಿಯ ಪತ್ರಕರ್ತರು, ಇಂಥವರನ್ನು ಪ್ರಧಾನ ಕಾರ್ಯದರ್ಶಿಯವರೇ ಆರಿಸಿ ಕರೆಯುತ್ತಾರೆ. ತಂಡ ಚಿಕ್ಕದು, ಹೆಸರಿಗೆ ತೂಕ ಜಾಸ್ತಿ. ಆಫ್ರಿಕನ್ ಒಕ್ಕೂಟವೂ ಹೆಚ್ಚುಕಮ್ಮಿ ಹೀಗೇ. ರಾಯಭಾರಿಗಳು, ಸಂಸದರು, ಚುನಾವಣಾ ಆಯೋಗದವರು, ನಾಗರಿಕ ಸಂಘಟನೆಗಳವರನ್ನು ಆಫ್ರಿಕಾದ ಒಳಗಿನಿಂದಲೇ ಕರೆಯುತ್ತದೆ. ಸಂಸದೀಯ ನಿಯೋಗಗಳ ಮಾತಂತೂ ಬೇಡವೇ ಬೇಡ, ಅದಕ್ಕೆ ಮೊದಲು ಚುನಾವಣೆ ಗೆಲ್ಲಬೇಕು! ವೃತ್ತಿಯಲ್ಲಿ ಆ ಎತ್ತರಕ್ಕೆ ಹೋಗದವರು ಈ ದಾರಿಯ ಬಗ್ಗೆ ಯೋಚಿಸಿ ಸಮಯ ಕಳೆಯುವುದು ಬೇಡ.

ನೀವೇ ಅರ್ಜಿ ಹಾಕುವ ದಾರಿ

ಸರ್ಕಾರದ ಪಟ್ಟಿ ಇಲ್ಲದ ದೇಶದವರಿಗೆ ಉಳಿಯುವುದು ಇದು. ಅಟ್ಲಾಂಟಾದ ಕಾರ್ಟರ್ ಸೆಂಟರ್ 1989ರಲ್ಲಿ ಪನಾಮಾದಿಂದ ಈ ಕೆಲಸ ಶುರುಮಾಡಿತು. ಅದರ ತಂಡದಲ್ಲಿ ಹಲವು ದೇಶಗಳ ಜನ ಇರುತ್ತಾರೆ, ಒಂದು ಸದಸ್ಯ ಪಟ್ಟಿಗೆ ಕಟ್ಟುಬಿದ್ದಿಲ್ಲ. ಮಿಷನ್‌ಗಳು ಎಣಿಕೆಗೆ ಕಡಿಮೆ, ಅರ್ಜಿಗಳು ಜಾಸ್ತಿ. ಹಿಂದೆ ಇಂಥ ಕೆಲಸ ಮಾಡಿದವರಿಗೆ ಆದ್ಯತೆ ಸಿಗುವುದು ಸಹಜ.

ಏಷ್ಯಾದವರಿಗೆ ಹತ್ತಿರದ್ದು ಆನ್‌ಫ್ರೆಲ್. 1997ರಲ್ಲಿ ಹುಟ್ಟಿದ, ಬ್ಯಾಂಕಾಕ್‌ನಿಂದ ನಡೆಯುವ ಏಷ್ಯಾದ ಸಂಘಟನೆಗಳ ಜಾಲ ಇದು. ಇದರ ಸ್ವರೂಪ ತಿಳಿದರೆ ಒಳಗೆ ಹೋಗುವ ದಾರಿಯೂ ತಿಳಿಯುತ್ತದೆ. ತಮ್ಮ ತಮ್ಮ ದೇಶದ ಚುನಾವಣೆಯ ಮೇಲೆ ಕಣ್ಣಿಡುವ ಸ್ಥಳೀಯ ಸಂಘಟನೆಗಳೇ ಇದರ ಸದಸ್ಯರು. ಒಂದು ದೇಶದ ಸಂಘಟನೆಯಲ್ಲಿ ಕೆಲಸ ಮಾಡಿದವರು ಇನ್ನೊಂದು ದೇಶಕ್ಕೆ ವೀಕ್ಷಕರಾಗಿ ಹೋಗುತ್ತಾರೆ. ಅಂದರೆ ಮೊದಲು ಮನೆಯ ಹತ್ತಿರದ ಮತಗಟ್ಟೆಯಲ್ಲಿ ಕೆಲಸ, ಆಮೇಲೆ ವಿಮಾನ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಪ್ರಾಮಾಣಿಕವಾದ ಆಯ್ಕೆ ವಿಧಾನ. ಅಧಿಕಾರಿಯೊಬ್ಬ ಮತಪಟ್ಟಿಯಲ್ಲಿ ಹೆಸರು ಹುಡುಕುವುದನ್ನು ದಿನವಿಡೀ ನಿಂತು ನೋಡಿದವರಿಗೆ, ಬೇರೆ ದೇಶದ ಮತಗಟ್ಟೆಯಲ್ಲಿ ಏನು ಸರಿಯಿಲ್ಲ ಎಂದು ಬೇಗ ಹೊಳೆಯುತ್ತದೆ.

ಬೇರೆ ದೇಶಗಳಲ್ಲಿ ಪ್ರಜಾಪ್ರಭುತ್ವಕ್ಕೆ ನೆರವಾಗುವ ಅಮೆರಿಕದ ಎನ್‌ಡಿಐ, ಐಆರ್‌ಐ ಸಂಸ್ಥೆಗಳೂ ಈ ಕ್ಷೇತ್ರದಲ್ಲಿ ಹಳಬರೇ. ಆದರೆ 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆದ ಮೇಲೆ ಎರಡಕ್ಕೂ ಬಲವಾದ ಪೆಟ್ಟು ಬಿತ್ತು. ಅವುಗಳ ಮೇಲೆ ಮಾತ್ರ ಭರವಸೆ ಇಟ್ಟು ಕೂರಬೇಡಿ.

ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯನ್ನು, ಅಂದರೆ ಯುಎನ್‌ವಿಯನ್ನು, ಹಲವರು ಇದರ ಜೊತೆ ಸೇರಿಸಿ ನೋಡುತ್ತಾರೆ. ಅದು ಬೇರೆ ಕೆಲಸ. ಸಾಮಾನ್ಯ ಸಭೆಯೋ ಭದ್ರತಾ ಮಂಡಳಿಯೋ ಹೇಳದೆ ವಿಶ್ವಸಂಸ್ಥೆ ಚುನಾವಣೆಯನ್ನು ವೀಕ್ಷಿಸುವುದಿಲ್ಲ, ಹೇಳುವುದೂ ಅಪರೂಪ. ಅದು ಮಾಡುವುದು ಚುನಾವಣೆ ನಡೆಸುವವರಿಗೆ ನೆರವು. 1993ರಲ್ಲಿ ಕಾಂಬೋಡಿಯಾದಲ್ಲಿ ಚುನಾವಣೆಯನ್ನು ವಿಶ್ವಸಂಸ್ಥೆಯೇ ನಡೆಸಿತು, ನೂರಾರು ಸ್ವಯಂಸೇವಕರು ಜಿಲ್ಲೆಗಳಲ್ಲಿ ನೋಂದಣಿ, ಮತದಾನದ ಕೆಲಸ ನೋಡಿಕೊಂಡರು. ತಿಂಗಳುಗಟ್ಟಲೆ ಒಂದೇ ಕಡೆ ಇದ್ದು ಏನಾದರೂ ಕಟ್ಟುವ ಆಸೆ ಇರುವವರಿಗೆ ಯುಎನ್‌ವಿ ಸರಿ, ಅಲ್ಲಿ ಜೀವನ ಭತ್ಯೆಯೂ ಸಿಗುತ್ತದೆ. ನೋಡಿ, ಅಳೆದು, ಬರೆಯುವುದು ನಿಮ್ಮ ಸ್ವಭಾವವಾದರೆ ಅದು ನಿಮಗಲ್ಲ.

ಎಲ್‌ಟಿಒನಾ, ಎಸ್‌ಟಿಒನಾ?

ಸಂಸ್ಥೆಗಿಂತ ಈ ಆಯ್ಕೆ ಮುಖ್ಯ. ಎರಡೂ ಒಂದೇ ಕೆಲಸದ ಉದ್ದ-ಗಿಡ್ಡ ರೂಪಗಳಲ್ಲ.

ಎಸ್‌ಟಿಒಗೆ ಒಂದು ವಾರದಿಂದ ಹತ್ತು ದಿನ ಸಾಕು. ರಾಜಧಾನಿಯಲ್ಲಿ ಮಾಹಿತಿ ಸಭೆ, ಆಮೇಲೆ ಜಿಲ್ಲೆಗೆ ಪ್ರಯಾಣ. ಬೇರೆ ಬೇರೆ ದೇಶದ ಇಬ್ಬರ ಜೋಡಿ. ಜೊತೆಗೆ ಸ್ಥಳೀಯ ಡ್ರೈವರ್, ದುಭಾಷಿ. ಮತದಾನದ ದಿನ ಬೆಳಗ್ಗೆ ಮತಗಟ್ಟೆ ತೆರೆಯುವ ಮುಂಚೆ ಹೋಗಬೇಕು. ದಿನದಲ್ಲಿ ಸುಮಾರು ಹತ್ತು ಮತಗಟ್ಟೆ, ಒಂದೊಂದರಲ್ಲೂ ಅರ್ಧ ಗಂಟೆಯಾದರೂ ಇರಬೇಕು. ಪ್ರತಿ ಕಡೆ ಒಂದು ಫಾರಂ. ಪೆಟ್ಟಿಗೆಗೆ ಸೀಲ್ ಸರಿಯಾಗಿದೆಯಾ, ಗುಟ್ಟಾಗಿ ಮತ ಹಾಕಲು ಆಗುತ್ತಿದೆಯಾ, ಒಂದೇ ಕುಟುಂಬದವರು ಒಟ್ಟಿಗೆ ಒಳಗೆ ಹೋಗುತ್ತಿದ್ದಾರಾ, ಒಳಗೆ ಇರಬಾರದ ಯಾರಾದರೂ ಇದ್ದಾರಾ. ಮುಚ್ಚಿದ ಮೇಲೆ ಎಣಿಕೆ. ಎಣಿಕೆ ಮುಗಿದ ಮೇಲೆ ಲೆಕ್ಕ ಕೂಡಿಸುವ ಕೇಂದ್ರಕ್ಕೆ. ಮಲಗುವುದು ಮರುದಿನ ಬೆಳಗ್ಗೆ.

ಸುಮ್ನೆ ಫಾರಂ ತುಂಬುವ ಕೆಲಸ ಎಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. 2013ರ ಅಕ್ಟೋಬರ್‌ನಲ್ಲಿ ಅಜರ್‌ಬೈಜಾನ್‌ನಲ್ಲಿ ನಡೆದದ್ದನ್ನು ನೋಡಿ. ಕೆಲವು ಸಂಸದೀಯ ನಿಯೋಗಗಳು ಮತದಾನ ಮುಕ್ತವಾಗಿ, ನ್ಯಾಯಯುತವಾಗಿ ನಡೆಯಿತು ಎಂದವು. ಅದೇ ಚುನಾವಣೆಯಲ್ಲಿ ಒಡಿಐಎಚ್‌ಆರ್ ವೀಕ್ಷಕರು ತಾವು ಎಣಿಕೆ ನೋಡಿದ ಮತಗಟ್ಟೆಗಳಲ್ಲಿ ನೂರಕ್ಕೆ 58ರಲ್ಲಿ ಎಣಿಕೆ ಕೆಟ್ಟದಾಗಿತ್ತು ಎಂದು ದಾಖಲಿಸಿದರು. ಆ 58 ಬಂದದ್ದು ನಿದ್ದೆಗಣ್ಣಲ್ಲಿ ತುಂಬಿದ ಅಂಥ ಫಾರಂಗಳಿಂದಲೇ.

ಎಲ್‌ಟಿಒ ಆಗಬೇಕಾದರೆ ಆರರಿಂದ ಎಂಟು ವಾರ ಬಿಡುವು ಬೇಕು. ಇಬ್ಬರೇ ಒಂದು ದೊಡ್ಡ ಪ್ರದೇಶ ನೋಡಿಕೊಳ್ಳಬೇಕು. ಚುನಾವಣಾಧಿಕಾರಿ, ಅಭ್ಯರ್ಥಿಗಳು, ಪಕ್ಷಗಳವರು, ಪತ್ರಕರ್ತರು, ಪೊಲೀಸರು, ಹೀಗೆ ದಿನಾ ಭೇಟಿ. ಪ್ರಚಾರ ಸಭೆಗಳಿಗೆ ಹೋಗಿ ನಿಲ್ಲಬೇಕು. ವಾರಕ್ಕೊಂದು ವರದಿ. ಎಸ್‌ಟಿಒಗಳು ಬರುವ ಹೊತ್ತಿಗೆ ಅವರ ಹೋಟೆಲ್, ಡ್ರೈವರ್, ದುಭಾಷಿ, ಯಾವ ಜೋಡಿ ಎಲ್ಲಿಗೆ ಎನ್ನುವುದನ್ನೆಲ್ಲ ಸಿದ್ಧಮಾಡಿರಬೇಕು. ಅರ್ಧ ರಾಜಕೀಯ ವಿಶ್ಲೇಷಣೆ, ಅರ್ಧ ಪ್ರಯಾಣದ ವ್ಯವಸ್ಥೆ. ಇಷ್ಟರ ನಡುವೆ ಗುರುತಿಲ್ಲದ ಒಬ್ಬ ಸಹೋದ್ಯೋಗಿಯ ಜೊತೆ ಎರಡು ತಿಂಗಳು ಒಂದೇ ಕಾರಿನಲ್ಲಿ. ಅದು ಎಲ್ಲರಿಗೂ ಆಗದ ಮಾತು.

ತೂಕ ಮಾತ್ರ ಎಲ್‌ಟಿಒ ಕೆಲಸಕ್ಕೇ ಹೆಚ್ಚು. 2017ರ ಆಗಸ್ಟ್‌ನಲ್ಲಿ ಕೀನ್ಯಾದ ಮತದಾನದ ದಿನವನ್ನು ಹಲವು ಅಂತರರಾಷ್ಟ್ರೀಯ ತಂಡಗಳು ಮೆಚ್ಚಿಕೊಂಡಿದ್ದವು. ಸೆಪ್ಟೆಂಬರ್ 1ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅಧ್ಯಕ್ಷೀಯ ಫಲಿತಾಂಶವನ್ನೇ ರದ್ದುಮಾಡಿತು. ತೊಂದರೆ ಇದ್ದದ್ದು ಫಲಿತಾಂಶ ಕಳಿಸುವ, ಕೂಡಿಸುವ ಹಂತದಲ್ಲಿ. ಮತಗಟ್ಟೆಯ ಸಾಲು ನೋಡಿ ಹೋದವರಿಗೆ ಅದು ಕಾಣುವುದಿಲ್ಲ. ಹೊಸಬರಿಗೆ ಮೊದಲೇ ಎಲ್‌ಟಿಒ ಸಿಗುವುದು ಕಷ್ಟ, ಸಿಕ್ಕರೂ ಒಮ್ಮೆಯಾದರೂ ಎಸ್‌ಟಿಒ ಆಗಿ ಹೋಗಿಬಂದ ಮೇಲೆ ಒಪ್ಪಿಕೊಳ್ಳುವುದು ಲೇಸು.

ಆಯ್ಕೆ ಮಾಡುವವರ ಕಣ್ಣು ಎಲ್ಲಿರುತ್ತದೆ

ಪ್ರಜಾಪ್ರಭುತ್ವದ ಬಗ್ಗೆ ನಿಮಗಿರುವ ಪ್ರೀತಿಯನ್ನು ಅರ್ಜಿಯಲ್ಲಿ ಎರಡು ಪುಟ ಬರೆಯಬೇಡಿ. ಅದು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದು, ಸ್ಥಳೀಯ ವೀಕ್ಷಕರಾಗಿದ್ದು, ಮಾನವ ಹಕ್ಕುಗಳ ವರದಿ ಬರೆದದ್ದು, ಸೌಲಭ್ಯವಿಲ್ಲದ ಊರಲ್ಲಿ ತಿಂಗಳು ಕಳೆದದ್ದು, ಇವನ್ನು ಬರೆಯಿರಿ. ಭಾಷೆಯ ಮಟ್ಟವನ್ನು ಏರಿಸಿ ಹೇಳಬೇಡಿ, ಫೋನಿನಲ್ಲಿ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಡಿಐಎಚ್‌ಆರ್‌ನ ಆನ್‌ಲೈನ್ ಕೋರ್ಸ್‌ಗಳು, ವಿಶ್ವಸಂಸ್ಥೆಯ ಬಿಸೇಫ್ ಎಂಬ ಭದ್ರತಾ ಕೋರ್ಸ್, ಎರಡೂ ಉಚಿತ. ಇವನ್ನು ಮುಗಿಸಿದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಮುಗಿಸದೆ ಇದ್ದರೆ ಆಸಕ್ತಿ ಇಲ್ಲ ಎಂದುಕೊಳ್ಳುತ್ತಾರೆ.

ಪಕ್ಷದ ಕೆಲಸ ಮಾಡಿದವರು ಅದನ್ನು ಮುಚ್ಚಿಡಬಾರದು. 2005ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯಲ್ಲಿ ಹಲವು ಸಂಸ್ಥೆಗಳು ಸೇರಿ ವೀಕ್ಷಣೆಯ ತತ್ವಗಳ ಘೋಷಣೆಯನ್ನೂ ನಡತೆ ಸಂಹಿತೆಯನ್ನೂ ಒಪ್ಪಿಕೊಂಡವು. ಪ್ರತಿ ವೀಕ್ಷಕರೂ ಅದಕ್ಕೆ ಸಹಿ ಹಾಕಬೇಕು. ಪಕ್ಷಪಾತ ತೋರಬಾರದು, ಕೆಲಸಕ್ಕೆ ಅಡ್ಡಬರಬಾರದು, ಮಾಧ್ಯಮದವರ ಮುಂದೆ ಸ್ವಂತ ಅಭಿಪ್ರಾಯ ಹೇಳಬಾರದು. ಕಣ್ಣೆದುರೇ ತಪ್ಪು ನಡೆದರೂ ‘ಹೀಗೆ ಮಾಡಿ’ ಎಂದು ಅಧಿಕಾರಿಗೆ ಹೇಳುವಂತಿಲ್ಲ, ಬರೆದುಕೊಳ್ಳಬೇಕು ಅಷ್ಟೇ. ಸುಮ್ಮನಿರಲು ಆಗದ ಹೋರಾಟಗಾರರಿಗೆ ಇದು ನಿಜಕ್ಕೂ ಕಷ್ಟ.

ಇನ್ನೂ ಒಂದು ವಿಷಯ. ನಿಮ್ಮ ಅರ್ಹತೆ ಒಂದು ಕಡೆ, ತಂಡದ ಹೊಂದಾಣಿಕೆ ಇನ್ನೊಂದು ಕಡೆ. ಗಂಡು-ಹೆಣ್ಣಿನ ಪ್ರಮಾಣ, ಯಾವ ದೇಶದವರು ಎಷ್ಟು, ಹಳಬರೆಷ್ಟು ಹೊಸಬರೆಷ್ಟು ಎಂದೆಲ್ಲ ನೋಡುತ್ತಾರೆ. ಒಂದು ಸಲ ಸಿಗಲಿಲ್ಲ ಎಂದರೆ ನೀವು ಸಾಲದು ಎಂದಲ್ಲ. ಹೋಗಿಬಂದವರ ಬಗ್ಗೆ ಮೌಲ್ಯಮಾಪನವೂ ಇರುತ್ತದೆ, ಮುಂದಿನ ಸಲ ಹೆಸರು ಬರುವುದಕ್ಕೆ ಅದು ದೊಡ್ಡ ಕಾರಣ. ಮತದಾನದ ದಿನ ಜೋಡಿಯ ಜೊತೆ ಜಗಳವಾಡಿದವರ ಸುದ್ದಿ ಬೇಗ ತಲುಪುತ್ತದೆ.

ಹಣ ಮತ್ತು ಅಪಾಯ

ಎಲ್‌ಟಿಒ, ಎಸ್‌ಟಿಒಗೆ ಒಎಸ್‌ಸಿಇ, ಯುರೋಪಿಯನ್ ಒಕ್ಕೂಟದಲ್ಲಿ ಸಂಬಳ ಇಲ್ಲ. ಟಿಕೆಟ್, ವಿಮೆ, ದಿನಭತ್ಯೆ ಸಿಗುತ್ತದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದೊಂದರದ್ದು ಒಂದೊಂದು ರೀತಿ, ಒಪ್ಪಿಕೊಳ್ಳುವ ಮೊದಲು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಡ್ರೈವರ್, ದುಭಾಷಿಗೆ ಯಾರು ದುಡ್ಡು ಕೊಡುತ್ತಾರೆ ಎಂಬುದನ್ನೂ ಕೇಳಿ.

ಅಪಾಯವನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. 1993ರ ಏಪ್ರಿಲ್‌ನಲ್ಲಿ ಕಾಂಬೋಡಿಯಾದಲ್ಲಿ ಜಪಾನಿನ ಯುವ ಸ್ವಯಂಸೇವಕರೊಬ್ಬರನ್ನೂ ಅವರ ದುಭಾಷಿಯನ್ನೂ ಕೊಂದರು. 2014ರ ಮಾರ್ಚ್‌ನಲ್ಲಿ ಕಾಬೂಲ್‌ನ ಸೆರೆನಾ ಹೋಟೆಲ್ ಮೇಲೆ ನಡೆದ ದಾಳಿಯಲ್ಲಿ ಎನ್‌ಡಿಐ ವೀಕ್ಷಕರೊಬ್ಬರು ಸತ್ತರು. ವಿಮೆಯ ಕಾಗದ, ಅಪಾಯ ಬಂದಾಗ ಹೊರಗೆ ಕರೆತರುವ ಯೋಜನೆ, ಭದ್ರತಾ ಅಧಿಕಾರಿ ಇದ್ದಾರೆಯೇ ಎನ್ನುವುದು, ಈ ಮೂರನ್ನು ತೋರಿಸಲಾಗದ ಸಂಸ್ಥೆ ಎಷ್ಟು ಒಳ್ಳೆಯ ಹೆಸರಿನದಾದರೂ ಬೇಡ ಎನ್ನಿ.

ಒಪ್ಪಬಾರದ ಆಹ್ವಾನ

ಕೆಲವು ಸಲ ಆಯ್ಕೆ ತುಂಬಾ ಸುಲಭವಾಗಿ ಆಗಿಬಿಡುತ್ತದೆ. ಅರ್ಜಿಯಿಲ್ಲ, ಸಂದರ್ಶನವಿಲ್ಲ. ಟಿಕೆಟ್, ದೊಡ್ಡ ಹೋಟೆಲ್, ಮೂರು ದಿನ. ಮತದಾನ ಮುಗಿಯುವ ಮೊದಲೇ ಟಿವಿ ಕ್ಯಾಮೆರಾ ಮುಂದೆ ‘ಎಲ್ಲ ಚೆನ್ನಾಗಿ ನಡೆದಿದೆ’ ಎನ್ನಬೇಕು. 2014ರ ಕ್ರಿಮಿಯಾ ಜನಮತಗಣನೆಗೆ ಒಎಸ್‌ಸಿಇ ವೀಕ್ಷಕರು ಹೋಗಲಿಲ್ಲ. ಯುರೋಪಿನ ತೀವ್ರ ಬಲಪಂಥೀಯ ಪಕ್ಷಗಳ ಹಲವರು ಹೋಗಿ ‘ವೀಕ್ಷಕರು’ ಎನಿಸಿಕೊಂಡರು. 2005ರ ಘೋಷಣೆ ಈ ಬಗ್ಗೆ ಖಚಿತವಾಗಿದೆ. ಯಾವ ಸರ್ಕಾರದ ಚುನಾವಣೆ ನೋಡುತ್ತೀರೋ ಆ ಸರ್ಕಾರದ ಹಣ, ಸೌಕರ್ಯ ಪಡೆಯಬಾರದು. ಹಾಗಾಗಿ ಕರೆ ಬಂದರೆ ಕೇಳಿ: ಟಿಕೆಟ್‌ಗೆ ದುಡ್ಡು ಯಾರದ್ದು? ಎಣಿಕೆ ನೋಡಲು ಬಿಡುತ್ತಾರಾ? ಹೇಳಿಕೆ ಹೊರಡುವುದು ಯಾವಾಗ? ಗಂಭೀರವಾದ ಮಿಷನ್ ಮತದಾನ ಮುಗಿದ ಮೇಲೆಯೇ ಪ್ರಾಥಮಿಕ ಹೇಳಿಕೆ ಕೊಡುತ್ತದೆ, ಪೂರ್ತಿ ವರದಿಗೆ ತಿಂಗಳುಗಳು ಹಿಡಿಯುತ್ತವೆ. ಹೆಸರು ಒಮ್ಮೆ ಅಂಥ ಫೋಟೋದಲ್ಲಿ ಬಂದರೆ ಆಮೇಲೆ ಒಳ್ಳೆಯ ಸಂಸ್ಥೆಗಳು ಹತ್ತಿರ ಸೇರಿಸುವುದು ಕಷ್ಟ.

ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆ ತಿಂಗಳುಗಟ್ಟಲೆ ಏನೂ ಬರದಿರಬಹುದು. ಬಂದಾಗ ಉತ್ತರಿಸಲು ಎರಡು-ಮೂರು ದಿನ ಸಿಕ್ಕರೆ ಹೆಚ್ಚು. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳಾದರೂ ಬಾಕಿ ಇರಲಿ. ರಜೆಯ ಬಗ್ಗೆ ಕೆಲಸದ ಕಡೆ ಮೊದಲೇ ಮಾತಾಡಿಟ್ಟುಕೊಳ್ಳಿ. ಹಳೆಯ ಬಯೋಡೇಟಾ ಹಾಗೇ ಬಿಟ್ಟಿದ್ದರೆ ವರ್ಷಕ್ಕೊಮ್ಮೆ ಬದಲಾಯಿಸಿ, ಕಳೆದ ಚುನಾವಣೆಯಲ್ಲಿ ನಿಮ್ಮದೇ ಊರಿನಲ್ಲಿ ಮಾಡಿದ ಕೆಲಸವನ್ನೂ ಅದರಲ್ಲಿ ಸೇರಿಸಿ.